‘ಅಮ್ಮ’ ಎಂಬ ಮೂರು ಮಾತ್ರೆ

(ಕಾಸರಗೋಡಿನಲ್ಲಿ ಕವಿತೆ ಓದುವ, ಬರೆಯುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಹೆತ್ತವಳನ್ನು ಕರೆಯಲು ಈ ಊರಿನಲ್ಲಿ ಎಷ್ಟು ಪದಗಳಿವೆ ನೋಡಿ. ಹವ್ಯಕರ ಮನೆಯಲ್ಲಿ ಅಬ್ಬೆ, ತುಳುವಿನಲ್ಲಿ ಅಪ್ಪೆ, ಬ್ಯಾರಿಯಲ್ಲಿ ಉಮ್ಮ, ಕೊಂಕಣಿಯಲ್ಲಿ ಆವಯ್, ಮರಾಠಿ ಮಾತಾಡುವವರಲ್ಲಿ ಆಯಿ, ಮಲಯಾಳದಲ್ಲೂ ಕನ್ನಡದಲ್ಲೂ ಅಮ್ಮ. ತುಳುವಿನಲ್ಲಿ ‘ಅಮ್ಮೆ’ ಎಂದರೆ ಅಪ್ಪ ಎಂಬುದು ಹೊಸಬರಿಗೆ ಗೊಂದಲ, ನಮಗೆ ನಿತ್ಯದ ಮಾತು. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಇವೆಲ್ಲವೂ ಕಿವಿಗೆ ಬೀಳುತ್ತವೆ. ಆದರೆ ಆ ಪದಗಳಿಂದ ಕರೆಸಿಕೊಂಡ ಹೆಂಗಸರ ಹೆಸರು ಮಾತ್ರ ಆ ಅರ್ಧ ಗಂಟೆಯಲ್ಲಿ ಒಂದು ಸಲವೂ ಕೇಳಿಸುವುದಿಲ್ಲ.

ಬದುಕಿನಲ್ಲಿ ಹೀಗಾಗುವುದು ಎಲ್ಲರಿಗೂ ಗೊತ್ತು. ಮದುವೆಯಾದ ಮೇಲೆ ಇಂಥವರ ಹೆಂಡತಿ, ಹೆತ್ತ ಮೇಲೆ ಇಂಥವನ ಅಮ್ಮ. ಇವತ್ತಿನ ವಿಷಯ ಅದಲ್ಲ. ಕವಿತೆಯೊಳಗೆ ಇದು ಎಲ್ಲಿ ಆಗುತ್ತದೆ, ಯಾವ ಪದದಲ್ಲಿ, ಯಾವ ಪ್ರತ್ಯಯದಲ್ಲಿ, ಯಾವ ಮಾತ್ರೆಯಲ್ಲಿ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಅಮ್ಮನನ್ನು ಹೊಗಳಲೆಂದೇ ಬರೆದ ಪದ್ಯಗಳಲ್ಲೇ ಅವಳು ಹೆಚ್ಚಾಗಿ ಕಾಣೆಯಾಗುತ್ತಾಳೆ. ಅಲ್ಲಿ ಕವಿಯ ಪ್ರೀತಿಗೆ ಕೊರತೆಯಿರುವುದಿಲ್ಲ, ವಾಕ್ಯದ ಕಟ್ಟಡದಲ್ಲಿ ಅವಳಿಗೆ ಜಾಗ ಉಳಿದಿರುವುದಿಲ್ಲ.

ಮಾತ್ರೆಯಿಂದಲೇ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯಿಂದಲೇ, ಶುರು ಮಾಡೋಣ. ಕವಿಗೋಷ್ಠಿಗಳಲ್ಲಿ ಕೇಳಸಿಗುವ ಬಗೆಯ ನಾಲ್ಕು ಸಾಲು ಇಲ್ಲಿವೆ. ಇವತ್ತಿನ ಮಾತಿಗೆಂದೇ ಕಟ್ಟಿದ್ದು, ಯಾರ ಕವಿತೆಯೂ ಅಲ್ಲ.

ಬತ್ತಿಯಂತೆ ಉರಿದೆ ನೀನು
ಬೆಳಕು ನಮಗೆ ಕೊಟ್ಟೆ
ಹಸಿದ ಹೊಟ್ಟೆ ಮರೆತು ಅಮ್ಮ
ನಮಗೆ ತುತ್ತನಿಟ್ಟೆ

ಓದಲು ಸುಲಭ, ಹಾಡಲೂ ಸುಲಭ. ಮೂರು ಮೂರು ಮಾತ್ರೆಯ ನಡೆ ಎಲ್ಲೂ ಕುಂಟುವುದಿಲ್ಲ. ಈ ನಡೆಯಲ್ಲಿ ‘ಅಮ್ಮ’ ಎಂಬ ಪದದ ಅಳತೆ ನೋಡಿ: ಒತ್ತಕ್ಷರದ ಹಿಂದಿನ ‘ಅ’ ಗುರು, ಅದಕ್ಕೆ ಎರಡು ಮಾತ್ರೆ; ‘ಮ್ಮ’ ಲಘು, ಅದಕ್ಕೆ ಒಂದು; ಒಟ್ಟು ಮೂರು ಮಾತ್ರೆ. ‘ತಾಯಿ’ಯೂ ಮೂರು, ‘ಅವಳು’ ಕೂಡ ಮೂರು. ಮೂರು ಮಾತ್ರೆಯ ಗಣ ಎಲ್ಲೆಲ್ಲಿ ಖಾಲಿ ಉಳಿದಿದೆಯೋ ಅಲ್ಲೆಲ್ಲ ‘ಅಮ್ಮ’ ಬಂದು ಕೂರಬಲ್ಲದು. ಮೇಲಿನ ಮೂರನೆಯ ಸಾಲಿನಲ್ಲಿ ಆಗಿರುವುದೂ ಅದೇ. ಅಲ್ಲಿ ‘ಅಮ್ಮ’ ಎಂಬುದು ಅರ್ಥಕ್ಕಾಗಿ ಬಂದದ್ದಲ್ಲ, ತಾಳ ತುಂಬಲು ಬಂದದ್ದು. ಈಗ ಆ ಜಾಗದಲ್ಲಿ ಒಂದು ಹೆಸರು ಇಟ್ಟು ನೋಡಿ. ಕಮಲ, ಲಲಿತ ಆದರೆ ಬಚಾವು, ಮೂರೇ ಮಾತ್ರೆ. ದೇವಕಿ ನಾಲ್ಕು, ಸುಶೀಲ ನಾಲ್ಕು, ಸರಸ್ವತಿ ಐದು, ಆಯಿಷಾ ಐದು. ಸಾಲು ಮುರಿದು ಬೀಳುತ್ತದೆ. ಹೆಸರು ಬೇಕೆಂದರೆ ಇಡೀ ಸಾಲನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಅಷ್ಟು ಕಷ್ಟ ಏಕೆಂದು ಕವಿ ‘ಅಮ್ಮ’ ಎಂದೇ ಬಿಡುತ್ತಾನೆ. ಹೆಸರು ಅಳಿಸಿಹೋಗುವ ದೊಡ್ಡ ಕತೆಯಲ್ಲಿ ಛಂದಸ್ಸಿಗೂ ಹೀಗೊಂದು ಸಣ್ಣ ಪಾಲಿದೆ.

ಅದೇ ನಾಲ್ಕು ಸಾಲಿನ ಕ್ರಿಯಾಪದಗಳನ್ನು ಹೆಕ್ಕಿ ಬರೆಯಿರಿ: ಉರಿದೆ, ಕೊಟ್ಟೆ, ಮರೆತು, ಇಟ್ಟೆ. ಇವುಗಳಲ್ಲಿ ಅವಳು ತನಗಾಗಿ ಮಾಡಿದ್ದು ಯಾವುದು? ಒಂದೂ ಇಲ್ಲ. ‘ನಮಗೆ’ ಎಂಬ ಚತುರ್ಥಿ ವಿಭಕ್ತಿ ಎರಡು ಸಲ ಬಂದಿದೆ, ಹಸಿವು ಅವಳದಾದರೂ ಅದನ್ನು ಮರೆಸಲಾಗಿದೆ. ಇನ್ನು ಉಪಮೆ. ಬತ್ತಿ, ಕರ್ಪೂರ, ಗಂಧದ ಕೊರಡು, ಮೇಣದ ಬತ್ತಿ. ಅಮ್ಮನಿಗೆ ನಾವು ಕೊಡುವ ಹೋಲಿಕೆಗಳೆಲ್ಲ ಬಳಸಿದಷ್ಟೂ ಸವೆದು ಮುಗಿಯುವ ವಸ್ತುಗಳು. ಮುಗಿದುಹೋದದ್ದಕ್ಕೇ ಪ್ರಶಂಸೆ. ಹೀಗೆ ಹೊಗಳುವ ಮಕ್ಕಳು ಒಂದು ಕ್ಷಣ ನಿಂತು, ತಾವು ಏನನ್ನು ಹೊಗಳುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು.

ಕನ್ನಡದಲ್ಲಿ ಇದನ್ನು ಪತ್ತೆ ಹಚ್ಚಲು ಒಳ್ಳೆಯ ಸಾಧನವೊಂದಿದೆ. ಅದು ಕೊಡು ಮತ್ತು ಕೊಳ್ಳು. ‘ಹೊಲಿದುಕೊಟ್ಟಳು’ ಎಂದರೆ ಬೇರೆಯವರಿಗೆ, ‘ಹೊಲಿದುಕೊಂಡಳು’ ಎಂದರೆ ತನಗೆ. ಬರೆದುಕೊಟ್ಟಳು, ಬರೆದುಕೊಂಡಳು. ಹಾಡಿದಳು, ಹಾಡಿಕೊಂಡಳು. ಅಮ್ಮನ ಬಗ್ಗೆ ಬರೆದ ಯಾವುದೇ ಕವಿತೆಯನ್ನು ಪೆನ್ಸಿಲ್ ಹಿಡಿದು ಓದಿ. ಕೊಡು ಬರುವಲ್ಲಿ, ‘-ಗೆ’, ‘-ಕ್ಕೆ’ ಬರುವಲ್ಲಿ ಒಂದು ಗೆರೆ. ಕೊಳ್ಳು ಬರುವಲ್ಲಿ, ಅಥವಾ ನಕ್ಕಳು, ನಡೆದಳು, ನಿದ್ದೆ ಹೋದಳು ಎಂಬಂಥ, ಯಾರಿಗೂ ಏನೂ ತಲುಪದ ಕ್ರಿಯೆಗಳಿಗೆ ಒಂದು ಸುತ್ತು. ಕೊನೆಗೆ ಸುತ್ತುಗಳನ್ನು ಎಣಿಸಿ. ಸೊನ್ನೆ ಬಂದರೆ ಆ ಕವಿತೆಯಲ್ಲಿ ಅಮ್ಮನ ಸೇವೆ ಇದೆ, ಅಮ್ಮ ಇಲ್ಲ.

ಈ ಪೆನ್ಸಿಲನ್ನು ಹಿಡಿದು ನಮಗೆಲ್ಲ ಬಾಯಿಪಾಠವಿರುವ ಪದ್ಯಗಳ ಹತ್ತಿರ ಹೋಗೋಣ. ಮಂಜೇಶ್ವರದ ಗೋವಿಂದ ಪೈಗಳ ‘ತಾಯೆ ಬಾರ, ಮೊಗವ ತೋರ’ ನಮ್ಮ ನೆಲದ್ದೇ ಹಾಡು. ಮೊದಲ ಎರಡು ಸಾಲಿನಲ್ಲೇ ನಾಲ್ಕು ಬೇಡಿಕೆ: ಬಾ, ತೋರು, ಹರಸು, ಕಾಯಿ. ಅಲ್ಲಿನ ತಾಯಿ ನಾಡು, ಹೆಂಗಸಲ್ಲ. ಹಾಗಾಗಿ ಕವಿಯನ್ನು ದೂರುವ ಮಾತೇ ಇಲ್ಲ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿದ ಮೇಲೆ ಆ ‘ಬಾರ’ ಎಂಬ ಕರೆಗೆ ಇಲ್ಲಿ ಬಂದ ದುಃಖದ ತೂಕ ಬೇರೆ ಊರಿನವರಿಗೆ ಸುಲಭಕ್ಕೆ ಗೊತ್ತಾಗದು. ಆದರೆ ನಾಡನ್ನು ತಾಯಿ ಮಾಡಿದ ಈ ಬಗೆಯ ಹಾಡುಗಳಿಂದ ಮನೆಯ ತಾಯಿಯ ಬಗ್ಗೆ ಬರೆಯುವವರು ಕಲಿತದ್ದು ಮಾತ್ರ ಆ ಆಜ್ಞಾರ್ಥವನ್ನೇ. ಬಾ, ಕೊಡು, ಕಾಪಾಡು, ಕ್ಷಮಿಸು. ನೆಲವನ್ನು ಕೇಳಬಹುದಾದದ್ದನ್ನೆಲ್ಲ ಅಡಿಗೆಮನೆಯಲ್ಲಿ ನಿಂತವಳನ್ನೂ ಕೇಳಿದೆವು. ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಅದೇ ನೋವಿಗೆ ‘ಬೆಂಕಿ ಬಿದ್ದಿದೆ ಮನೆಗೆ’ ಎಂದಾಗ ರೂಪಕ ತಾಯಿಯಿಂದ ಮನೆಗೆ ಬಂತು. ಬೆಂಕಿ ಆರಿಸಬೇಕಾದವರು ಮನೆಯವರು. ಹೊಣೆ ಯಾರದು ಎಂಬುದು ಒಂದು ರೂಪಕ ಬದಲಾದರೂ ಹೀಗೆ ಬದಲಾಗುತ್ತದೆ.

ಜಿ. ಎಸ್. ಶಿವರುದ್ರಪ್ಪನವರ ‘ಸ್ತ್ರೀ’ ಕವಿತೆಯ ಚರಣಗಳು ತೂಗಿದಾಕೆ, ನಗಿಸಿದಾಕೆ, ತಬ್ಬಿದಾಕೆ ಎಂದು ಮುಗಿಯುತ್ತವೆ. ‘-ದಾಕೆ’ ಎಂದರೆ ಮಾಡಿದ ಕೆಲಸದಿಂದ ಗುರುತಾದವಳು. ಅದಕ್ಕೆ ಪ್ರಾಸವಾಗಿ ಬರುವ ಪ್ರಶ್ನೆ: ‘ನಿನಗೆ ಬೇರೆ ಹೆಸರು ಬೇಕೆ?’ ಸಭೆಗಳಲ್ಲಿ ಹಾಡುವಾಗ ಇದನ್ನು ‘ಬೇಡ’ ಎಂಬ ಉತ್ತರ ಒಳಗಿಟ್ಟುಕೊಂಡ ಹೊಗಳಿಕೆಯಾಗಿಯೇ ಹಾಡುತ್ತಾರೆ, ರಾಗವೂ ಆ ಕಡೆಗೇ ಒಯ್ಯುತ್ತದೆ. ಕಾಗದದ ಮೇಲೆ ಓದಿದರೆ ಅದು ಪ್ರಶ್ನೆಯೇ. ಅದರ ಬೆನ್ನಿಗೇ ಸ್ತ್ರೀ ಎಂಬ ಒಂದು ಪದ ‘ಸಾಕೆ’ ಎಂದೂ ಕೇಳಿದೆ. ಬೇಕು, ಸಾಲದು ಎಂದು ಉತ್ತರಿಸುವ ಓದುಗಳಿಗೂ ಕವಿತೆ ಬಾಗಿಲು ಮುಚ್ಚಿಲ್ಲ. ಹಾಡುವ ಗೆಳತಿಯರು ಆ ಎರಡು ಪ್ರಶ್ನೆಗಳನ್ನು ಕೆಳಗಿಳಿಸದೆ ಸ್ವರವನ್ನು ಮೇಲೆ ನಿಲ್ಲಿಸಿ ಒಮ್ಮೆ ಹಾಡಿ ನೋಡಬೇಕು. ಅರ್ಥ ಅಲ್ಲೇ ತಿರುಗುತ್ತದೆ.

ಪಿ. ಲಂಕೇಶರ ‘ಅವ್ವ’ ಶುರುವಾಗುವುದು ಹಳೆಯ ದಾರಿಯಲ್ಲೇ: ‘ನನ್ನವ್ವ ಫಲವತ್ತಾದ ಕಪ್ಪು ನೆಲ’. ಮೊದಲ ಪದದಲ್ಲೇ ‘ನನ್ನ’ ಎಂಬ ಷಷ್ಠಿ, ಆಮೇಲೆ ನೆಲ. ಇಷ್ಟಕ್ಕೇ ನಿಂತಿದ್ದರೆ ಅದೂ ನೂರರಲ್ಲಿ ಒಂದಾಗುತ್ತಿತ್ತು. ಮುಂದೆ ಲಂಕೇಶ್ ಒಂದೊಂದಾಗಿ ಹೊದಿಕೆ ಕಿತ್ತು ಬಿಸಾಡುತ್ತಾರೆ: ಇವಳು ಸಾವಿತ್ರಿಯಲ್ಲ, ಜಾನಕಿಯಲ್ಲ, ಊರ್ಮಿಳೆಯಲ್ಲ. ಮರಿ ಹೊತ್ತ ಕರಡಿಯ ಹಾಗೆ, ಬೈದು ಗೊಣಗುವ ನಾಯಿಯ ಹಾಗೆ, ಕೊಂಕು, ಸಣ್ಣತನ ಎಲ್ಲ ಇದ್ದವಳು. ಅಮ್ಮನ ಸಣ್ಣತನವನ್ನು ಹೇಳಿದ್ದೇ ಅವಳಿಗೆ ತೋರಿಸಿದ ಮರ್ಯಾದೆ, ಏಕೆಂದರೆ ಸಣ್ಣತನ ಒಬ್ಬ ವ್ಯಕ್ತಿಗೆ ಮಾತ್ರ ಇರುತ್ತದೆ, ದೇವಿಗೆ ಇರುವುದಿಲ್ಲ. ಅವಳು ಬದುಕಿದ್ದು ಯಾವುದಕ್ಕೆ ಎಂದು ಹೇಳುವಾಗ ಚತುರ್ಥಿಗಳ ಸಾಲೇ ಬರುತ್ತದೆ: ಕಾಳುಕಡ್ಡಿಗೆ, ದುಡಿತಕ್ಕೆ, ಮಕ್ಕಳಿಗೆ, ಸೂರಿಗೆ, ಅನ್ನಕ್ಕೆ. ಇಲ್ಲೂ ಅದೇ ಕತೆ ಎನ್ನುವಷ್ಟರಲ್ಲಿ ಸರೀಕರ ಎದುರು ತಲೆಯೆತ್ತಿ ನಡೆಯುವ ಮಾತು ಬರುತ್ತದೆ. ಆ ಪಟ್ಟಿಯಲ್ಲಿ ಅವಳದೇ ಆದದ್ದು ಅದೊಂದು. ಪೆನ್ಸಿಲಿನ ಸುತ್ತು ಬೀಳುವುದು ಅಲ್ಲಿ.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಮಗು ತೀರಿಕೊಂಡಾಗ ಅಪ್ಪ ಅಮ್ಮನಿಗೆ ಹೇಳುವ ಪದ್ಯ. ಅಮ್ಮ ಅಲ್ಲಿ ಒಂದು ಮಾತೂ ಆಡುವುದಿಲ್ಲ. ಆದರೂ ಪದ್ಯವನ್ನು ಎಬ್ಬಿಸಿದ್ದು, ನಡೆಸಿದ್ದು ಅವಳ ನೋಟ. ನಕ್ಕು ದುಃಖ ಮರೆಸಬೇಡ, ತುಟಿ ಕಚ್ಚಿ ಬಿಕ್ಕು ತಡೆಯಬೇಡ ಎಂದು ಅವನು ಬೇಡುತ್ತಾನೆ. ಅಂದರೆ ಅವಳು ಅಷ್ಟನ್ನೂ ಮಾಡುತ್ತಿದ್ದಾಳೆ. ಮಾತಿಲ್ಲದವಳನ್ನು ಇಷ್ಟು ಸ್ಪಷ್ಟವಾಗಿ ಇರಗೊಟ್ಟ ಪದ್ಯ ನಮ್ಮಲ್ಲಿ ಕಡಿಮೆ. ಇದೇ ಕವಿ ಬರೆದದ್ದು ಅಂಬಿಕಾತನಯದತ್ತ ಎಂಬ ಅಂಕಿತದಲ್ಲಿ. ಅಂಬಿಕೆಯ ಮಗ ದತ್ತ. ಮಗನ ಹೆಸರಿನಿಂದ ಅಮ್ಮ ಗುರುತಾಗುವ ಲೋಕದಲ್ಲಿ ಅಮ್ಮನ ಹೆಸರಿನಿಂದ ಮಗ ಗುರುತಾದ ಅಪರೂಪ ಅದು. ಇದಕ್ಕೆ ಎದುರು ದಿಕ್ಕಿನಲ್ಲಿ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’, ಅಲ್ಲಿ ಗಂಡನ ಹೆಸರು. ನಮ್ಮ ಕಾಲದ ವೈದೇಹಿಯವರಿಗೆ ಹುಟ್ಟುಹೆಸರು ವಸಂತಿ, ಮದುವೆಯ ನಂತರದ್ದು ಜಾನಕಿ, ಬರೆಹಕ್ಕೆ ಮೂರನೆಯದು. ಹೆಂಗಸಿನ ಬರೆಹದಲ್ಲಿ ಹೆಸರು ಯಾವಾಗಲೂ ಒಂದು ಕೆಲಸದ ವಿಷಯ. ಅದು ತಾನಾಗಿ ಬಂದು ಕೂರುವುದಿಲ್ಲ.

ಇಷ್ಟು ಹೊತ್ತು ಹೇಳಿದ ಅಮ್ಮನ ಕವಿತೆಗಳಲ್ಲಿ ಮಾತಾಡಿದವರು ಮಕ್ಕಳು, ಗಂಡ, ನಾಡಿಗರು. ಅಮ್ಮನೇ ಮಾತಾಡಿದರೆ? ಬೀಸುಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳಲ್ಲಿ ಅವಳೇ ಮಾತಾಡುತ್ತಾಳೆ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಹಲಸಂಗಿಯ ಗೆಳೆಯರು ಇವನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ತಂದರು. ಹಾಡಿದ ನೂರಾರು ಬಾಯಿಗಳಿಗೆ ‘ಗರತಿ’ ಎಂಬ ಒಂದೇ ಹೆಸರು. ತ್ರಿಪದಿ 11 ಗಣಗಳ ಪುಟ್ಟ ಪದ್ಯ. ಆರನೆಯದು, ಹತ್ತನೆಯದು ಚಿಕ್ಕ ಅಳತೆಯ ಬ್ರಹ್ಮಗಣ, ಉಳಿದವೆಲ್ಲ ಅದಕ್ಕಿಂತ ದೊಡ್ಡ ವಿಷ್ಣುಗಣ. ಇಷ್ಟರಲ್ಲಿ ಬದುಕಿನ ಕತೆ ಹೇಳಲಾಗದು, ಹೋಲಿಕೆಯೊಂದನ್ನು ಚುಚ್ಚಿ ನಿಲ್ಲಿಸಬಹುದು. ‘ಬಾಲಕರಿಲ್ಲದ ಬಾಲಿದ್ದ್ಯಾತರ ಜನ್ಮ’ ಎಂದು ಶುರುವಾಗುವ ತ್ರಿಪದಿಯಲ್ಲಿ ಮಕ್ಕಳಿಲ್ಲದವಳ ಬದುಕು ಬಾಡಿಗೆ ಎತ್ತಿನ ದುಡಿತ, ಉಂಡು ಬೀಸಿ ಒಗೆದ ಬಾಳೆಲೆ. ಎಷ್ಟು ಕಠಿಣ ಹೋಲಿಕೆ! ಮಗುವಿಲ್ಲದೆ ಅವಳಿಗೆ ಗುರುತಿಲ್ಲ, ಮಗು ಬಂದರೆ ಗುರುತು ಮಗುವಿನದು. ಎರಡೂ ಕಡೆ ಸಿಕ್ಕಿಬಿದ್ದವಳ ಸಂಕಟ ಹೊರಗಿನವರು ಹೇಳಿದ ನೀತಿಯ ಮಾತಾಗಿ ಬಂದಿಲ್ಲ, ಅವಳ ಬಾಯಿಂದಲೇ ಬಂದಿದೆ. ಅದೇ ಹಾಡುಗಳಲ್ಲಿ ಇನ್ನೊಬ್ಬಳು ಅಳುವ ಕೂಸು ಅಳಲಿ, ತನಗಿರಲಿ, ‘ಕೆಟ್ಟರೆ ಕೆಡಲಿ ಮನೆಗೆಲಸ’ ಎನ್ನುತ್ತಾಳೆ. ಮನೆಗೆಲಸ ಕೆಡಲಿ ಎಂದು ಹೇಳುವ ಧೈರ್ಯ ಅವಳಿಗೆ ಮಗುವಿನಿಂದ ಬಂತು. ತಾಯ್ತನ ಗುರುತನ್ನು ಕಿತ್ತುಕೊಳ್ಳುವುದಷ್ಟೇ ಅಲ್ಲ, ಒಮ್ಮೊಮ್ಮೆ ಬೇರೆಯವರಿಗೆ ‘ಇಲ್ಲ’ ಎನ್ನುವ ನೆಪವನ್ನೂ ಕೊಡುತ್ತದೆ. ಈ ವಿಷಯದಲ್ಲಿ ಬರೆಯುವವರು ಇದನ್ನು ಮರೆತು ಬರಿಯ ಗೋಳು ಬರೆದರೆ ಕವಿತೆ ಚಪ್ಪಟೆಯಾಗುತ್ತದೆ.

ಪುಣ್ಯಕೋಟಿಯ ಹಾಡನ್ನು ತ್ಯಾಗದ ಕತೆ ಎಂದು ಶಾಲೆಯಲ್ಲಿ ಓದಿದ್ದೇವೆ. ಇನ್ನೊಮ್ಮೆ ಓದಿ. ಅಲ್ಲಿ ತಾಯಿಗೆ ಹೆಸರಿದೆ. ಮಗುವನ್ನು ಬಿಟ್ಟು ಅವಳು ಹುಲಿಯ ಹತ್ತಿರ ಹೋಗುವುದು ಮಗುವಿಗಾಗಿ ಅಲ್ಲ, ತಾನು ಕೊಟ್ಟ ಮಾತಿಗಾಗಿ. ಕರು ಯಾರ ಮೊಲೆ ಕುಡಿಯಲಿ ಎಂದು ಅಳುತ್ತದೆ, ಅವಳು ತಿರುಗುವುದಿಲ್ಲ. ‘ಸತ್ಯವೇ ನಮ್ಮ ತಾಯಿ ತಂದೆ’ ಎಂಬ ಸಾಲಿನಲ್ಲಿ ತಾಯಿಯಾದವಳು ತನಗೂ ಒಬ್ಬ ತಾಯಿಯನ್ನು ಹುಡುಕಿಕೊಂಡಿದ್ದಾಳೆ, ಆ ಕ್ಷಣಕ್ಕೆ ಅವಳು ಮಗಳು. ಹುಡುಕಿ‘ಕೊಂಡಿದ್ದಾಳೆ’, ಗಮನಿಸಿ.

ತಮಿಳಿನ ಸಂಗಂ ಕಾವ್ಯದಲ್ಲಿ ಹೆಸರಿಲ್ಲದಿರುವುದಕ್ಕೆ ಬೇರೆಯೇ ಕಾರಣವಿದೆ. ಪ್ರೇಮದ ಅಗಂ ಪದ್ಯಗಳಲ್ಲಿ ಪಾತ್ರಗಳ ಹೆಸರು ಹೇಳಬಾರದೆಂದು ತಮಿಳಿನ ಹಳೆಯ ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂ ನಿಯಮ ಮಾಡಿದೆ. ಹೆತ್ತ ತಾಯಿ ‘ನಟ್ರಾಯ್’, ಸಾಕಿದವಳು ‘ಸೆವಿಲಿ’. ಆದರೆ ನಾಯಕನಿಗೂ ಅಲ್ಲಿ ಹೆಸರಿಲ್ಲ. ಎಲ್ಲರಿಗೂ ಇಲ್ಲದಿದ್ದರೆ ಅದು ಕಾವ್ಯದ ಶಿಸ್ತು, ಒಬ್ಬಳಿಗೆ ಮಾತ್ರ ಇಲ್ಲದಿದ್ದರೆ ಅನ್ಯಾಯ. ಈ ಭೇದ ಕೈಬಿಟ್ಟರೆ ಹೆಸರಿಲ್ಲದ ಪ್ರತಿ ಕವಿತೆಯನ್ನೂ ತಪ್ಪು ಓದುತ್ತೇವೆ. ಯುದ್ಧ, ಅರಸರ ಬಗೆಗಿನ ಸಂಗಂ ಪದ್ಯಗಳ ಸಂಕಲನ ಪುರನಾನೂರಿನ 86ನೆಯ ಪದ್ಯದಲ್ಲಿ, ನಿನ್ನ ಮಗ ಎಲ್ಲಿ ಎಂದು ಕೇಳಿದವರಿಗೆ ತಾಯಿ ಹೇಳುತ್ತಾಳೆ: ಎಲ್ಲಿದ್ದಾನೋ ಗೊತ್ತಿಲ್ಲ, ಹುಲಿ ಇದ್ದು ಹೋದ ಕಲ್ಲಿನ ಗವಿಯ ಹಾಗೆ ಅವನನ್ನು ಹೆತ್ತ ಹೊಟ್ಟೆ ಇಲ್ಲಿದೆ. ಮಗ ರಣರಂಗದಲ್ಲಿ ಸಿಕ್ಕಾನು ಎಂಬ ಹೆಮ್ಮೆ ಅದರಲ್ಲಿದೆ ನಿಜ. ಆದರೆ ಉಳಿದದ್ದು ಖಾಲಿ ಗವಿ. ಬರೆದವಳ ಹೆಸರು ಕಾವರ್ಪೆಂಡು. ಕಾಯುವ ಹೆಂಗಸು, ಸಾಕುತಾಯಿ ಎಂದು ಅದರ ಅರ್ಥ. ಕವಿಗೂ ಉಳಿದದ್ದು ಕೆಲಸದ ಹೆಸರು.

ನಮ್ಮ ನೆರೆಯ ಮಲಯಾಳದಲ್ಲಿ ಬಾಲಾಮಣಿಯಮ್ಮ (1909–2004) ಅವರನ್ನು ಮಾತೃತ್ವದ ಕವಯಿತ್ರಿ ಎಂದೇ ಕರೆದರು. ಅವರ ಹೆಸರಿನ ಕೊನೆಯ ‘ಅಮ್ಮ’ ಸಮುದಾಯದ ಪದ್ಧತಿಯದು, ತಾಯ್ತನದ್ದಲ್ಲ. ಆದರೂ ಬಿರುದು ಮತ್ತು ಹೆಸರು ಒಂದಕ್ಕೊಂದು ಅಂಟಿಕೊಂಡವು. ಅವರ ಮಗಳು ಕಮಲಾ ದಾಸ್. ಮಲಯಾಳದಲ್ಲಿ ಮಾಧವಿಕುಟ್ಟಿ, 1999ರ ನಂತರ ಕಮಲಾ ಸುರಯ್ಯ. 1965ರ ಸಂಕಲನದಲ್ಲಿರುವ ಪರಿಚಯದ ಕವಿತೆಯಲ್ಲಿ ಅವರು, ಹೆಂಡತಿಯಾಗು, ಅಡಿಗೆಯವಳಾಗು, ಒಂದು ಹೆಸರು ಆರಿಸಿಕೋ ಎಂದು ಹೇಳುವವರ ಮಾತುಗಳನ್ನೆಲ್ಲ ಒಟ್ಟುಮಾಡಿ, ಕೊನೆಗೆ ತಾನೂ ತನ್ನನ್ನು ‘ನಾನು’ ಎಂದೇ ಕರೆದುಕೊಳ್ಳುವುದಾಗಿ ಮುಗಿಸುತ್ತಾರೆ. ಇಂಗ್ಲಿಷಿನ ಸಿಲ್ವಿಯಾ ಪ್ಲಾತ್ 1961ರ ಫೆಬ್ರವರಿಯಲ್ಲಿ, ಮಗಳಿಗೆ ವರ್ಷ ತುಂಬುವ ಮೊದಲು ಬರೆದ ಮುಂಜಾವಿನ ಹಾಡಿನಲ್ಲಿ ಇನ್ನೂ ತಣ್ಣಗೆ ಹೇಳುತ್ತಾಳೆ: ಮೋಡವೊಂದು ಮಳೆಯಾಗಿ ನೀರಿನ ಕನ್ನಡಿ ಮಾಡುತ್ತದೆ, ಗಾಳಿ ತನ್ನನ್ನು ನಿಧಾನ ಅಳಿಸುವುದನ್ನು ಆ ಕನ್ನಡಿಯಲ್ಲೇ ಕಾಣುತ್ತದೆ. ತಾನು ಆ ಮೋಡಕ್ಕಿಂತ ಹೆಚ್ಚಿನ ತಾಯಿಯಲ್ಲ ಎಂದು. ಬತ್ತಿಯ ಉಪಮೆಗೂ ಇದಕ್ಕೂ ಇರುವ ದೂರ ನೋಡಿ. ಎರಡರಲ್ಲೂ ಅವಳು ಕರಗುತ್ತಾಳೆ. ಬತ್ತಿ ಉರಿಯುವುದನ್ನು ಮಕ್ಕಳು ನೋಡುತ್ತಾರೆ. ಮೋಡ ಕರಗುವುದನ್ನು ಮೋಡವೇ ನೋಡುತ್ತದೆ.

‘ನಾನು’ ಎಂಬ ಪದದ ವಿಷಯದಲ್ಲಿ ನಮ್ಮ ಗಡಿಯ ಬರಹಗಾರರು ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ಮಲಯಾಳದ ಕ್ರಿಯಾಪದಕ್ಕೆ ಪುರುಷ ಪ್ರತ್ಯಯ ಇಲ್ಲ. ಯಾರು ಹೆತ್ತರು ಎಂದು ಕ್ರಿಯಾಪದ ಹೇಳುವುದಿಲ್ಲ, ‘ಞಾನ್’ ಎಂದು ಹೇಳಬೇಕು, ಇಲ್ಲವೆ ಸಂದರ್ಭದಿಂದ ತಿಳಿಯಬೇಕು. ಕನ್ನಡದ ‘ಹೆತ್ತೆ’ಯಲ್ಲಿ ‘ನಾನು’ ಅಡಗಿದೆ. ಆದರೆ ಅದೇ ‘ಹೆತ್ತೆ’ ನೀನು ಹೆತ್ತೆ ಎಂದೂ ಆಗುತ್ತದೆ! ಆಡುನುಡಿಯಲ್ಲಿ ಉತ್ತಮ ಪುರುಷ, ಮಧ್ಯಮ ಪುರುಷ ಎರಡಕ್ಕೂ ಭೂತಕಾಲದಲ್ಲಿ ಒಂದೇ ರೂಪ. ಮೇಲಿನ ಬತ್ತಿಯ ಪದ್ಯದಿಂದ ‘ನೀನು’ ಮತ್ತು ‘ಅಮ್ಮ’ ಎರಡನ್ನೂ ತೆಗೆದು, ‘ನಮಗೆ’ ಎಂಬುದನ್ನು ‘ನಿಮಗೆ’ ಮಾಡಿ ಓದಿ. ಉರಿದೆ, ಕೊಟ್ಟೆ, ಇಟ್ಟೆ ಎಂದು ಈಗ ಅಮ್ಮನೇ ಹೇಳುತ್ತಿದ್ದಾಳೆ. ಹೊಗಳಿಕೆ ಹೋಗಿ ದೂರು ಬಂತು. ಎರಡು ಪದ ತೆಗೆದು ಒಂದು ಅಕ್ಷರ ಬದಲಿಸಿದ್ದೇ ಸಾಕಾಯಿತು. ಮಲಯಾಳದಿಂದ ಅನುವಾದಿಸುವವರು ‘ಞಾನ್’ ಬಂದಲ್ಲೆಲ್ಲ ‘ನಾನು’ ಹಾಕಿದರೆ ಕನ್ನಡದಲ್ಲಿ ಅದು ಎದೆ ಬಡಿದುಕೊಂಡ ಹಾಗೆ ಕೇಳುತ್ತದೆ, ಎಲ್ಲ ಕಡೆ ಬಿಟ್ಟರೆ ಯಾರ ಮಾತೆಂದೇ ತಿಳಿಯದು. ಅಮ್ಮ ಮಾತಾಡುವ ಕವಿತೆಯಲ್ಲಿ ಮೊದಲ ಕ್ರಿಯಾಪದಕ್ಕೆ ಮುಂಚೆ ಒಂದು ಸಲ, ಮಾತು ತಿರುಗುವಲ್ಲಿ ಇನ್ನೊಂದು ಸಲ ‘ನಾನು’ ಇಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಇನ್ನು ಬರೆಯುವ ಕೆಲಸ. ಬತ್ತಿಯ ಪದ್ಯವನ್ನು ರಿಪೇರಿ ಮಾಡಲು ಹೊರಟರೆ ಮೊದಲು ಉಪಮೆ ಬಿಡಬೇಕು, ಆಮೇಲೆ ‘ನಮಗೆ’. ಮಗು ಹುಟ್ಟುವ ಮೊದಲು ಅವಳು ಮಾಡಿದ ಒಂದು ಕೆಲಸ ಹುಡುಕಬೇಕು. ಕವಿತೆ ಬರೆಯುವ ಮಕ್ಕಳಿಗೆ ಹೆಚ್ಚಾಗಿ ಇದೇ ಗೊತ್ತಿರುವುದಿಲ್ಲ, ಕೇಳಬೇಕಾಗುತ್ತದೆ. ಕೊನೆಯ ಸಾಲಿನಲ್ಲಿ ‘ನೀನೇ ದೇವರು’ ಬಂದರೆ ಅಳಿಸಬೇಕು. ದೇವರಾದವಳಿಗೆ ಮೊಣಕಾಲು ನೋವಿರುವುದಿಲ್ಲ, ಸಿಟ್ಟು ಬರುವುದಿಲ್ಲ, ನಿದ್ದೆಯೂ ಬೇಕಿಲ್ಲ. ಆಗ ಹೀಗಾದೀತು:

ನಾಲ್ಕನೇ ಕ್ಲಾಸಿನ ಪುಸ್ತಕದ ಮೊದಲ ಹಾಳೆಯಲ್ಲಿ
ದೇವಕಿ ಎಂದು ಬರೆದುಕೊಂಡಿದ್ದಳು.
ಅಡಿಕೆ ಸುಲಿಯುತ್ತ ಕೂತಾಗ
ಆ ಪುಸ್ತಕದ ಪದ್ಯ ಗುನುಗಿಕೊಳ್ಳುತ್ತಾಳೆ;
ನಾವು ಹತ್ತಿರ ಹೋದರೆ ನಿಲ್ಲಿಸುತ್ತಾಳೆ.

ದೊಡ್ಡ ಕವಿತೆಯೇನಲ್ಲ. ಆದರೆ ಎರಡು ‘ಕೊಳ್ಳು’ ಬಂದವು, ನಾಲ್ಕು ಮಾತ್ರೆಯ ದೇವಕಿ ಬಂದಳು, ಅದಕ್ಕಾಗಿ ತಾಳ ಬಿಡಬೇಕಾಯಿತು. ಕೊನೆಯ ಸಾಲಿನಲ್ಲಿ ಮಕ್ಕಳು ತಮ್ಮನ್ನೂ ನೋಡಿಕೊಂಡರು: ಅವಳ ಹಾಡು ನಿಲ್ಲುವುದು ತಾವು ಬಂದಾಗ.

ತುಳುನಾಡಿನವರು ಈ ಮಾತು ಎತ್ತಿದ ಮೇಲೆ ಸಿರಿಯ ಹತ್ತಿರ ಹೋಗದೆ ಮುಗಿಸುವಂತಿಲ್ಲ. ಸಿರಿಯ ಕತೆ ಹೇಳುವ ತುಳು ಹಾಡುಗತೆ ಸಿರಿ ಪಾಡ್ದನ. ಅದರ ಒಂದು ಪಾಠವನ್ನು ಹಾಡುಗಾರ ಗೋಪಾಲ ನಾಯ್ಕರಿಂದ ದಾಖಲಿಸಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲು ಬಂತು. ಸಿರಿ ಬಸುರಿ. ಬಯಕೆಗೆಂದು ಗಂಡ ಕಾಂತು ಪೂಂಜ ತಂದ ಸೀರೆಯನ್ನು ಮೊದಲು ಸೂಳೆ ಸಿದ್ದು ಉಟ್ಟಿದ್ದಳು. ಬಸುರಿಯ ಸಂಭ್ರಮದ ಆ ಸೀರೆಯನ್ನು ಸಿರಿ ಬೇಡವೆಂದಳು, ಮುಂದೆ ಗಂಡನಿಗೇ ‘ಬರ’ ಹೇಳಿದಳು, ಅಂದರೆ ವಿಚ್ಛೇದನ ಕೊಟ್ಟಳು. ತಾಯಿಯಾಗುವ ಹೊತ್ತಿನಲ್ಲೇ ತಾನು ಯಾರೆಂದು ಮರೆಯದವಳು. ಇಂದಿಗೂ ಕವತ್ತಾರಿನಲ್ಲಿ ಸಿರಿಜಾತ್ರೆಯ ಹುಣ್ಣಿಮೆ ರಾತ್ರಿ ಹೆಂಗಸರು ಹಿಂಗಾರ ಹಿಡಿದು ನಿಲ್ಲುತ್ತಾರೆ. ಆವೇಶ ಬಂದವರು ಪಾಡ್ದನವನ್ನು ‘ಅವಳು’ ಎಂದು ಹಾಡುವುದಿಲ್ಲ, ‘ನಾನು’ ಎಂದೇ ಹಾಡುತ್ತಾರೆ. ಹೊಸದಾಗಿ ಬಂದವಳು ಬರೀ ಅಳುತ್ತಾಳೆ, ನಡುಗುತ್ತಾಳೆ, ಮಾತು ಹೊರಡುವುದಿಲ್ಲ. ಸಿರಿಯ ಮಗ ಕುಮಾರನಾಗಿ ನಿಂತ ಪಾತ್ರಿ ಅವಳನ್ನು ಕೇಳುತ್ತಾನೆ, ನೀನು ಯಾರು? ಮಗನ ಬಾಯಿಂದ ಬಂದ ಪ್ರಶ್ನೆ ಅದು. ಅವಳು ಸಿರಿ ಎಂದೋ, ಸಿರಿಯ ಮಗಳು ಸೊನ್ನೆ ಎಂದೋ, ಮೊಮ್ಮಗಳು ಅಬ್ಬಗ ಎಂದೋ ಬಾಯಿಬಿಟ್ಟು ಒಂದು ಹೆಸರು ಹೇಳುವವರೆಗೆ ಅವನು ಕೇಳುತ್ತಲೇ ಇರುತ್ತಾನೆ.